ಕಂಬಳಿಗಿಂತ ಮೊದಲು ಜಲ್ಲಿ

ಲೆಬನಾನಿನ ಬೆಕಾ ಕಣಿವೆಯಲ್ಲಿ ಸಿರಿಯಾದಿಂದ ಬಂದ ಕುಟುಂಬಗಳಿಗೆ ಚಳಿಗಾಲದ ಸಾಮಾನು ಹಂಚುವ ಕೆಲಸ ನನ್ನದಾಗಿತ್ತು. ಸುಮಾರು 900 ಮೀಟರ್ ಎತ್ತರದ ಜಾಗ, ಜನವರಿಯಲ್ಲಿ ಹಿಮ ಬೀಳುತ್ತದೆ. 2011ರಲ್ಲಿ ಸಿರಿಯಾದಲ್ಲಿ ಯುದ್ಧ ಶುರುವಾದ ಮೇಲೆ ಓಡಿ ಬಂದ ಇವರಿಗಾಗಿ ಲೆಬನಾನ್ ಸರ್ಕಾರ ಅಧಿಕೃತ ಶಿಬಿರ ತೆರೆಯಲಿಲ್ಲ. ರೈತರ ಹೊಲವನ್ನೇ ಬಾಡಿಗೆಗೆ ಹಿಡಿದು, ಮರದ ಪಟ್ಟಿ ಹೊಡೆದು, ಪ್ಲಾಸ್ಟಿಕ್ ಹೊದಿಸಿ ಗುಡಾರ ಕಟ್ಟಿಕೊಂಡರು. ಕೆಲವಕ್ಕೆ ಜಾಹೀರಾತಿನ ಹಳೇ ಫ್ಲೆಕ್ಸೇ ಚಾವಣಿ. ಗಾಳಿಗೆ ಹಾರಬಾರದು ಅಂತ ಅದರ ಮೇಲೆ ಟೈರುಗಳು.

ಊರಿನಿಂದ ಫೋನ್ ಮಾಡಿದವರೆಲ್ಲ "ಕಂಬಳಿ ಕಳಿಸೋದಾ?" ಅಂತಲೇ ಕೇಳುತ್ತಿದ್ದರು. ಕಂಬಳಿ ಬೇಕು, ಬೇಡ ಅನ್ನುವುದಿಲ್ಲ. ಆದರೆ ಹೊಲ ಹೊಲವೇ ಅಲ್ವಾ? ಮಳೆ ಬಂದರೆ ಕೆಸರು. ಒಬ್ಬ ತಾಯಿ ಹಾಸಿಗೆಯ ಮೂಲೆ ಎತ್ತಿ ಹಿಂಡಿ ತೋರಿಸಿದರು, ನೀರು ತೊಟ್ಟಿಕ್ಕಿತು. ಅಂಥ ನೆಲದ ಮೇಲೆ ಹೊಸ ಕಂಬಳಿ ಕೊಟ್ಟರೆ ಅದೂ ನೆನೆಯುತ್ತದೆ, ಆ ಚಳಿಯಲ್ಲಿ ಬೇಗ ಒಣಗುವುದೂ ಇಲ್ಲ. ಹಾಗಾಗಿ ನಾವು ಮೊದಲು ಚರಂಡಿ ತೋಡಿಸಿ ಜಲ್ಲಿ ಹಾಕಿಸುತ್ತಿದ್ದೆವು. ಆಮೇಲೆ ಪ್ಲಾಸ್ಟಿಕ್ ಶೀಟು, ಮರ, ಮೊಳೆ. ಕಂಬಳಿ ಕೊನೆಗೆ. ಜಲ್ಲಿ ರಾಶಿಯ ಫೋಟೊ ನೋಡಿ ಯಾವ ದಾನಿಯೂ ಖುಷಿಪಡುವುದಿಲ್ಲ, ಅದು ಬೇರೆ ಮಾತು! 2019ರ ಜನವರಿಯಲ್ಲಿ ನಾರ್ಮಾ ಬಿರುಗಾಳಿ ಬಂದಾಗ ತಗ್ಗಿನಲ್ಲಿದ್ದ ಗುಡಾರಗಳಿಗೆ ನೀರು ನುಗ್ಗಿ, ಎಷ್ಟೋ ಕುಟುಂಬಗಳು ಜಾಗ ಬಿಡಬೇಕಾಯಿತು.

ಇನ್ನು ಬೆಂಕಿಯ ವಿಷಯ. ಗುಡಾರದ ನಡುವೆ ಸೋಬಿಯಾ ಅನ್ನುವ ಡೀಸೆಲ್ ಒಲೆ ಇರುತ್ತದೆ, ಹೊಗೆ ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತದೆ. ಡೀಸೆಲ್ ಮುಗಿದರೆ ಹಳೇ ಚಪ್ಪಲಿ, ಪ್ಲಾಸ್ಟಿಕ್, ಸಿಕ್ಕಿದ್ದೆಲ್ಲ ಒಲೆಗೆ. ಮಕ್ಕಳ ಕೆಮ್ಮು ಅಲ್ಲಿಂದಲೇ ಶುರು. ಡೀಸೆಲ್ ಹೊತ್ತು ಹಂಚುವುದಕ್ಕಿಂತ ಕುಟುಂಬಗಳಿಗೆ ಕೊಟ್ಟ ಕಾರ್ಡಿಗೆ ದುಡ್ಡು ಹಾಕುವುದೇ ವಾಸಿ, ಬೇಕಾದ್ದನ್ನು ಅವರೇ ಕೊಳ್ಳುತ್ತಾರೆ.

"ಒಲೆಗೆ ಅಂತ ಕೊಟ್ಟ ದುಡ್ಡನ್ನು ಇವರು ಅಂಗಡಿ ಸಾಲಕ್ಕೆ ಕಟ್ಟುತ್ತಾರೆ" ಅಂತ ನಮ್ಮವರೇ ಕೆಲವರು ಗೊಣಗುತ್ತಿದ್ದರು. ಅದೇ ತಾಯಿಯನ್ನು ಕೇಳಿದೆ. "ಹಳೇ ಬಾಕಿ ತೀರಿಸಿದರೆ ತಾನೇ ಅಂಗಡಿಯವನು ಫೆಬ್ರವರಿ ತನಕ ಸಾಲ ಕೊಡೋದು?" ಅಂದರು. ಲೆಕ್ಕ ಸರಿಯಾಗೇ ಇತ್ತು. ದುಡ್ಡು ಯಾವುದಕ್ಕೆ ಖರ್ಚಾಯಿತು ಅನ್ನುವ ಪ್ರಶ್ನೆಯನ್ನು ಕುಟುಂಬಗಳನ್ನು ಕೇಳಿ ತುಂಬುವ ನಮ್ಮ ಫಾರಂನಿಂದ ತೆಗೆಯಿರಿ ಅಂತ ಹಟ ಹಿಡಿದೆ. ಅದರ ಜಾಗಕ್ಕೆ, ಮೊದಲ ಮಳೆಗೆ ಮುಂಚೆ ದುಡ್ಡು ಕೈಸೇರಿತಾ ಅನ್ನುವ ಪ್ರಶ್ನೆ ಬಂತು.