9.8 ಬಾರದ ರೀಡಿಂಗ್

ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ಸೆಮಿಸ್ಟರಿಗೆ ಮೆಕ್ಯಾನಿಕ್ಸ್ ಪಾಠ ಮಾಡತೊಡಗಿದ ಮೊದಲ ಕೆಲವು ವರ್ಷ, ನನ್ನ ಮೇಷ್ಟ್ರುಗಳು ಮಾಡಿದ್ದಂತೆಯೇ ನಾನೂ ಮಾಡಿದೆ: ಬೋರ್ಡಿನ ಎಡಮೂಲೆಯಲ್ಲಿ ಡಿರೈವೇಷನ್ ಆರಂಭಿಸಿ ಬಲಮೂಲೆಯಲ್ಲಿ ಮುಗಿಸುವುದು, ಎರಡು ಲೆಕ್ಕ ಬಿಡಿಸುವುದು, ಲ್ಯಾಬಿನಲ್ಲಿ ರೆಕಾರ್ಡಿಗೆ ಸಹಿ ಹಾಕುವುದು. ಪರೀಕ್ಷೆಯಲ್ಲಿ ಅಂಕಗಳೂ ಬರುತ್ತಿದ್ದವು.

ಒಂದು ವರ್ಷ ಸರಳ ಲೋಲಕದ ರೆಕಾರ್ಡುಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡುವಾಗ, ಲೋಲಕದ ಉದ್ದ ಮತ್ತು ಆಂದೋಲನದ ಸಮಯದಿಂದ ಇಡೀ ಬ್ಯಾಚು ಲೆಕ್ಕಹಾಕಿದ ಗುರುತ್ವ ವೇಗೋತ್ಕರ್ಷದ (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಹೆಚ್ಚುವ ಪ್ರಮಾಣ; ಪುಸ್ತಕದಲ್ಲಿ 9.8 ಮೀ/ಸೆ²) ಬೆಲೆ 9.78ರಿಂದ 9.82ರೊಳಗೇ ಇದ್ದುದು ಕಣ್ಣಿಗೆ ಬಿತ್ತು. ನಮ್ಮ ಲ್ಯಾಬಿನ ಸ್ಟಾಪ್‌ವಾಚುಗಳ ಪೈಕಿ ಒಂದು ಆಗಾಗ ನಿಂತೇಹೋಗುತ್ತಿತ್ತು. ಆ ವಾಚು ಹಿಡಿದಿದ್ದವರ ಉತ್ತರವೂ 9.80. ರೀಡಿಂಗ್ ಕುಕ್ ಮಾಡಿದ್ದಾರೆಂದು ಸಿಟ್ಟು ಬಂದಿತಾದರೂ, 9.8 ಬಂದರೆ ಟಿಕ್ ಹಾಕಿ ಬಾರದಿದ್ದರೆ 'ಮತ್ತೆ ಮಾಡಿ' ಎಂದು ವರ್ಷಗಟ್ಟಲೆ ಹಿಂದಕ್ಕೆ ಕಳಿಸಿದವನು ನಾನೇ ಆಗಿದ್ದರಿಂದ, ಅವರು ಕೊಟ್ಟದ್ದು ನಾನು ಕೇಳಿದ್ದನ್ನೇ ಎಂದು ಒಪ್ಪಿಕೊಳ್ಳಬೇಕಾಯಿತು.

ಮುಂದಿನ ವರ್ಷ ಲೋಲಕಕ್ಕಿಂತ ಮೊದಲು ಒಂದು ಅಡಿಪಟ್ಟಿ ಕೈಗೆ ಕೊಟ್ಟೆ. ಒಬ್ಬರು ಅದನ್ನು ಮೇಲಿನ ತುದಿಯಲ್ಲಿ ಹಿಡಿದು ಹೇಳದೆ ಬಿಡುವುದು, ಇನ್ನೊಬ್ಬರು ಸೊನ್ನೆಯ ಗೆರೆಯ ಬಳಿ ಬೆರಳು ಅಗಲಿಸಿಟ್ಟು ಹಿಡಿಯುವುದು. ಹೆಚ್ಚಿನವರ ಪಟ್ಟಿ 20 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಂತಿತು. ಅಷ್ಟು ದೂರ ಬೀಳಲು ಬೇಕಾಗುವ ಸಮಯ ಸುಮಾರು 0.2 ಸೆಕೆಂಡು. ನಿಮ್ಮ ಕೈ ಇಷ್ಟು ತಡಮಾಡುತ್ತದೆ ಎಂದಾದರೆ, ಒಂದು ಮೀಟರ್ ಉದ್ದದ ಲೋಲಕದ ಒಂದೇ ಒಂದು ಆಂದೋಲನವನ್ನು ಅಳೆದಾಗ ಏನಾಗುತ್ತದೆಂದು ಲೆಕ್ಕ ಹಾಕಿಸಿದೆ. 2 ಸೆಕೆಂಡಿನ ಬದಲು 1.8 ಬಂದರೆ ಉತ್ತರ 12ರ ಮೇಲೆ ಹೋಗುತ್ತದೆ, 2.2 ಬಂದರೆ 8ರ ಹತ್ತಿರಕ್ಕೆ ಇಳಿಯುತ್ತದೆ. ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಅಳೆದರೆ ಅದೇ 0.2 ಸೆಕೆಂಡು 40 ಸೆಕೆಂಡಿನಲ್ಲಿ ಹಂಚಿಹೋಗಿ, ಉತ್ತರದಲ್ಲಿ ಶೇಕಡಾ ಒಂದರಷ್ಟು ಮಾತ್ರ ಏರುಪೇರಾಗುತ್ತದೆ. ಇಪ್ಪತ್ತು ಏಕೆ ಎಣಿಸಬೇಕೆಂಬುದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮ್ಯಾನ್ಯುಯಲ್‌ನಲ್ಲಿ ಹಾಗಿತ್ತು, ಅಷ್ಟೆ.

ಆ ಬಾರಿ ಒಂದು ಗುಂಪಿನ ಹುಡುಗ ಬಂದು, "ಸರ್, 9.53 ಬಂದಿದೆ, ಸರಿಮಾಡಿಕೊಂಡು ಬರಲಾ?" ಎಂದ. ಉದ್ದ 100 ಸೆಂಟಿಮೀಟರ್, ಇಪ್ಪತ್ತು ಆಂದೋಲನಕ್ಕೆ 40.7 ಸೆಕೆಂಡು, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. ಕೈ ತಡವಾದದ್ದರಿಂದ ಬಂದ ದೋಷವಾಗಿದ್ದರೆ ರೀಡಿಂಗ್ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಬೇಕಿತ್ತು. ಮೇಜಿನ ಬಳಿ ಹೋಗಿ ಉದ್ದವನ್ನು ಇನ್ನೊಮ್ಮೆ ಅಳೆದು ತೋರಿಸೆಂದಾಗ, ಗುಂಡಿನ ನಡುವಿನವರೆಗೆ ಅಳೆಯುವ ಬದಲು ಅವರು ದಾರದ ಗಂಟಿನವರೆಗೆ ಮಾತ್ರ ಅಳೆದದ್ದು ತಿಳಿಯಿತು. ಕೊಕ್ಕೆಯೂ ಗುಂಡಿನ ತ್ರಿಜ್ಯವೂ ಸೇರಿ ಎರಡೂವರೆ ಸೆಂಟಿಮೀಟರ್ ಬಿಟ್ಟುಹೋಗಿತ್ತು. ಅದನ್ನು ಸೇರಿಸಿದಾಗ 9.77 ಬಂತು. ಹಳೆಯ ಲೆಕ್ಕವನ್ನು ಅಳಿಸದೆ, ಅದರ ಕೆಳಗೇ ಹೊಸದನ್ನು ಬರೆಯಲು ಹೇಳಿದೆ.

ತರಗತಿಯಲ್ಲಿ ಮಾಡಿಕೊಂಡ ಬದಲಾವಣೆ ಇದಕ್ಕಿಂತ ನಿಧಾನವಾದದ್ದು. ಅಮೆರಿಕದ ಡೇವಿಡ್ ಹೆಸ್ಟೀನ್ಸ್ ಮತ್ತು ಸಂಗಡಿಗರು 1992ರಲ್ಲಿ, ಲೆಕ್ಕವೇ ಇಲ್ಲದೆ ಬಲದ ಕಲ್ಪನೆಯನ್ನಷ್ಟೇ ಪರೀಕ್ಷಿಸುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದ್ದರು. ಪ್ರಶ್ನೆ ಕೊಟ್ಟು, ಅಕ್ಕಪಕ್ಕದವರು ಚರ್ಚಿಸುವಂತೆ ಮಾಡುವ ಕ್ರಮವನ್ನು ಹಾರ್ವರ್ಡ್‌ನ ಎರಿಕ್ ಮಜೂರ್ ಬಳಕೆಗೆ ತಂದಿದ್ದರು. ಎರಡನ್ನೂ ನಮ್ಮ ತರಗತಿಗೆ ತಕ್ಕಂತೆ ಇಳಿಸಿಕೊಂಡೆ. ಮೇಲಕ್ಕೆ ಎಸೆದ ಚೆಂಡು ಇನ್ನೂ ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ ಎಂದು ಕೇಳಿ, ಆಯ್ಕೆಯ ಸಂಖ್ಯೆಯಷ್ಟು ಬೆರಳನ್ನು ಎದೆಗೆ ಒತ್ತಿ ತೋರಿಸಲು ಹೇಳುತ್ತೇನೆ. ಕೈ ಮೇಲೆತ್ತಿಸಿದರೆ ಎಲ್ಲರೂ ಮೊದಲ ಬೆಂಚಿನವರನ್ನು ನೋಡಿ ಎತ್ತುತ್ತಾರೆ.

ಮುಕ್ಕಾಲು ಪಾಲು ಬೆರಳುಗಳು, ಗುರುತ್ವದ ಜೊತೆಗೆ ಕೈಯ ಬಲವೂ ಇದೆ ಎಂಬ ಆಯ್ಕೆಗೇ ಬಿದ್ದವು. ಚರ್ಚೆ ಕನ್ನಡದಲ್ಲೇ ಆಗಲಿ ಎಂದು ಬಿಟ್ಟಾಗ ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು, "ಕೈಯ ಬಲ ಚೆಂಡಿನೊಳಗೆ ಉಳಿದಿರುತ್ತದೆ ಸರ್, ಅದು ಮುಗಿದಮೇಲೆ ಬೀಳುತ್ತದೆ" ಎಂದಳು. ನಮ್ಮ ಮಾತಿನಲ್ಲಿ ಬಲವೆಂಬುದು ಒಬ್ಬರಲ್ಲಿ ಇರುವಂಥದ್ದು, ತೋಳಿನಲ್ಲಿ ಇರುವಂಥದ್ದು. ಅವಳು ತಪ್ಪಿದ್ದು ಭೌತಶಾಸ್ತ್ರದಲ್ಲಿಯೇ ಹೊರತು ಕನ್ನಡದಲ್ಲಿ ಅಲ್ಲ. ಅಂದಿನಿಂದ ಪ್ರತಿ ಬಲವನ್ನೂ 'ಯಾವುದು ಯಾವುದನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ' ಎಂದು ಪೂರ್ಣ ವಾಕ್ಯದಲ್ಲಿ ಬರೆಸುತ್ತೇನೆ. ಕೈಬಿಟ್ಟ ಚೆಂಡನ್ನು ಕೈ ತಳ್ಳುತ್ತಿದೆ ಎಂದು ಬರೆಯಲು ಅವರಿಗೇ ಮನಸ್ಸು ಬರುವುದಿಲ್ಲ. ಉಳಿದಿರುವುದು ಬಲವಲ್ಲ, ಸಂವೇಗ (ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ) ಎಂದು ಆಗ ಹೇಳಬಹುದು.

ಇದೇ ವಾಕ್ಯ, ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದೆ ಎನ್ನುವ ನ್ಯೂಟನ್ನನ ಮೂರನೆಯ ನಿಯಮಕ್ಕೂ ಒದಗಿತು. ಮೇಜಿನ ಮೇಲಿರುವ ಪುಸ್ತಕದ ತೂಕಕ್ಕೆ ಮೇಜಿನ ಒತ್ತೇ ಪ್ರತಿಕ್ರಿಯೆ ಎಂದು ಬರೆಯುತ್ತಿದ್ದವರು, 'ಭೂಮಿ ಪುಸ್ತಕವನ್ನು ಎಳೆಯುತ್ತದೆ' ಎಂಬುದನ್ನು ತಿರುವಿಹಾಕಿದಾಗ 'ಪುಸ್ತಕ ಭೂಮಿಯನ್ನು ಎಳೆಯುತ್ತದೆ' ಎಂದಾಗುವುದನ್ನು ಕಂಡು ನಕ್ಕರು.

ಇದಕ್ಕೆಲ್ಲ ತೆತ್ತದ್ದು ಸಮಯ. ಭ್ರಮಣ ಚಲನೆಯ ಡಿರೈವೇಷನ್‌ಗಳನ್ನು ಜೆರಾಕ್ಸ್ ನೋಟ್ಸಿನಲ್ಲಿ ಕೊಟ್ಟು ಮುಗಿಸಿದೆ, ಫ್ಲೈವೀಲ್ ಪ್ರಯೋಗಕ್ಕೆ ಕೈಹಚ್ಚಲೇ ಇಲ್ಲ.

ಸೆಮಿಸ್ಟರಿನ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಅದೇ ಹುಡುಗಿಗೆ ಲೋಲಕ ಬಂತು. 9.69 ಎಂದು ಬರೆದು, 0.1ರಷ್ಟು ಆಚೀಚೆ ಇರಬಹುದೆಂದು ಪಕ್ಕದಲ್ಲಿ ಸೇರಿಸಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಉತ್ತರ ಕಡಿಮೆಯಾಯಿತೆಂದು ಎರಡು ಅಂಕ ಕಳೆದರು. ಒಳಪರೀಕ್ಷಕನಾಗಿ ಪಕ್ಕದಲ್ಲೇ ಕುಳಿತಿದ್ದ ನಾನು ಅರ್ಧ ಗಂಟೆ ವಾದಿಸಿ ಒಂದನ್ನು ಮರಳಿ ಕೊಡಿಸಿದೆ.