ಎನ್‌ಸಿಆರ್‌ಬಿ ಅಂಕಿ ಹಿಡಿದು ಪ್ರಬಂಧ ಬರೆಯುವವರಿಗೆ

ಕ್ರಿಮಿನಾಲಜಿ ಎಂ.ಎ. ಮಾಡುತ್ತಿರುವ ಗೆಳೆಯರೇ, ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಕೊಡುವುದು ನಡೆದ ಅಪರಾಧಗಳ ಲೆಕ್ಕವಲ್ಲ, ಠಾಣೆಯಲ್ಲಿ ದಾಖಲಾದವುಗಳ ಲೆಕ್ಕ. ಅದರಲ್ಲೂ ಒಂದು ಎಫ್‌ಐಆರ್‌ನಲ್ಲಿ ಹಲವು ಕಲಂಗಳಿದ್ದರೆ ಅತಿ ಹೆಚ್ಚು ಶಿಕ್ಷೆಯಿರುವ ಒಂದನ್ನು ಮಾತ್ರ ಎಣಿಸುತ್ತಾರೆ. ಕಳವಿಗೆ ಬಂದವನು ಮನೆಯವರನ್ನು ಕೊಂದರೆ ಅದು ಕೊಲೆಯ ಸಾಲಿಗೆ ಹೋಗುತ್ತದೆ, ಕಳವಿನ ಸಾಲಿನಲ್ಲಿ ಕಾಣುವುದೇ ಇಲ್ಲ.

2012ರಲ್ಲಿ 24,923 ಇದ್ದ ಅತ್ಯಾಚಾರ ಪ್ರಕರಣಗಳು 2013ರಲ್ಲಿ 33,707 ಆದವು. ಅಪರಾಧವೇ ಅಷ್ಟು ಏರಿತು ಎಂದು ದಯವಿಟ್ಟು ಬರೆದುಬಿಡಬೇಡಿ. 2013ರ ಕ್ರಿಮಿನಲ್ ಕಾನೂನು ತಿದ್ದುಪಡಿಯಿಂದ ಅತ್ಯಾಚಾರದ ವ್ಯಾಖ್ಯೆ ಹಿಗ್ಗಿತ್ತು, ಇಂಥ ದೂರು ದಾಖಲಿಸದ ಪೊಲೀಸರಿಗೂ ಶಿಕ್ಷೆ ಬಂದಿತ್ತು.

ನಿಮ್ಮ ಪ್ರಬಂಧದ ಪ್ರಶ್ನೆಯನ್ನೇ ‘ದಾಖಲಾತಿ ಹೇಗೆ ಬದಲಾಯಿತು’ ಎಂದು ತಿರುಗಿಸಿಕೊಳ್ಳಿ. ವಿಷಯ ಕೌಟುಂಬಿಕ ಹಿಂಸೆಯಾದರೆ ಎನ್‌ಎಫ್‌ಎಚ್‌ಎಸ್ (ರಾಷ್ಟ್ರೀಯ ಕುಟುಂಬ ಆರೋಗ್ಯ) ಸಮೀಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿ ಹೆಂಗಸರನ್ನೇ ನೇರವಾಗಿ ಕೇಳಿದ್ದಾರೆ, ಹಾಗಾಗಿ ಠಾಣೆಯ ಮೆಟ್ಟಿಲು ಹತ್ತದವರ ಮಾತೂ ಸಿಗುತ್ತದೆ.