ಬಾವಿಗೆ ನೀರು ಬಂದ ಮೇಲೆ ಪ್ರೀತಿ: ಕೋಲಾರದ ಪ್ರಳಯೋತ್ತರ ಕಥೆ ಬರೆದ ಬಗೆ

ಕಥೆ ನಡೆಯುವುದು ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ, ಕರೆಂಟು ಪೂರ್ತಿ ಹೋಗಿ ಇಪ್ಪತ್ತು ವರ್ಷದ ಮೇಲೆ. ಪಾತ್ರಗಳಿಗೆ ಹೆಸರಿಡುವ ಮೊದಲೇ ನೀರಿನ ಲೆಕ್ಕ ಬರೆದುಕೊಂಡೆ. ಹವಾಮಾನ ಕೆಟ್ಟ ಲೋಕದ ಕಥೆಗಳಲ್ಲಿ ನಾಶಕ್ಕೆ ಕಾರಣ ಇರುತ್ತದೆ, ಚಿಗುರಿಗೆ ಇರುವುದಿಲ್ಲ. ಕೊನೇ ಪುಟದಲ್ಲಿ ಬಂಡೆಯ ಸಂದಿಯಿಂದ ಒಂದು ಹಸಿರೆಲೆ ಇಣುಕಿಬಿಡುತ್ತದೆ. ಯಾವ ನೀರು ಕುಡಿದು ಬೆಳೆಯಿತೋ!

ಮೊದಲು ಇಲ್ಲದವುಗಳ ಪಟ್ಟಿ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಪಂಪು ಎತ್ತಿ ಕಳಿಸುವ ನೀರದು, ಕರೆಂಟಿನ ಜೊತೆಗೇ ನಿಲ್ಲುತ್ತದೆ. ಸಾವಿರ ಅಡಿಯ ಬೋರ್‌ವೆಲ್ಲೂ ಅಷ್ಟೇ: ಸಾಮಾನ್ಯ ಕೈಪಂಪು 150 ಅಡಿ ದಾಟಿ ಎತ್ತಲಾರದು. ಜನರನ್ನು ಕೆ.ಜಿ.ಎಫ್. ಗಣಿಯೊಳಗೆ ಬಚ್ಚಿಡುವ ಆಸೆ ಎಲ್ಲ ಬರಹಗಾರರಿಗೂ ಬರುತ್ತದೆ. ಗಣಿ 2001ರಲ್ಲಿ ಮುಚ್ಚಿತು, ಪಂಪು ನಿಂತ ಸುರಂಗಗಳಲ್ಲಿ ನೀರು ತುಂಬಿದೆ, ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯೇ ಸುಡುತ್ತದೆ. ಆ ಅಧ್ಯಾಯವನ್ನು ಬರೆದು ಹರಿದು ಹಾಕಿದೆ.

ಇನ್ನು ಉಳಿಯುವುದು. ಈ ಸೀಮೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ನೂರಕ್ಕೆ ಎಂಟು ಪಾಲು ಇಂಗಿದರೂ 56 ಮಿ.ಮೀ. ಆಯಿತು. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಹಿಡಿಯುವ ಸಂದು ನೂರಕ್ಕೆ ಎರಡು ಪಾಲು ಎಂದಿಟ್ಟುಕೊಂಡೆ. ನೀರು ತುಂಬುವುದು ಆ ಸಂದಿನಲ್ಲಷ್ಟೇ, ಹಾಗಾಗಿ 56 ಮಿ.ಮೀ. ಇಂಗಿದ್ದಕ್ಕೆ ನೀರಿನ ಮಟ್ಟ ಐವತ್ತು ಪಟ್ಟು, ಅಂದರೆ 2.8 ಮೀಟರ್ ಏರುತ್ತದೆ. ಬೋರ್‌ವೆಲ್ ಬತ್ತಿಸಿದ ಬಂಡೆಯ ಈ ಜಿಪುಣತನವೇ ಪಂಪು ನಿಂತ ಮೇಲೆ ಬಾವಿಯನ್ನು ಬೇಗ ತುಂಬಿಸುತ್ತದೆ. ಕಥೆಯ ಭರವಸೆಯನ್ನೆಲ್ಲ ಇದರ ಮೇಲೆ ನಿಲ್ಲಿಸಿದೆ. ಆದರೆ ಪ್ರತಿ ವರ್ಷ 2.8 ಮೀಟರ್ ಏರಿಸಬೇಡಿ. ಬೇಸಿಗೆಯಲ್ಲಿ ಜನ ಸೇದುತ್ತಾರೆ, ಎರಡು ವರ್ಷಕ್ಕೊಮ್ಮೆ ಮಳೆ ಕೈಕೊಡುತ್ತದೆ. ಏಳೆಂಟು ವರ್ಷಕ್ಕೆ ತುಂಬಬೇಕಾದ ಬಾವಿಗೆ ನಾನು ಹದಿನೈದು ಕೊಟ್ಟೆ.

ಕೆರೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ನೀರು ನಿಂತರೆ ಒಂದು ಕೋಟಿ ಲೀಟರ್. ನಲವತ್ತು ಜನಕ್ಕೆ ತಲೆಗೆ ದಿನಕ್ಕೆ 15 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು ಎರಡು ಲಕ್ಷದ ಹತ್ತೊಂಬತ್ತು ಸಾವಿರ. ಕುಡಿಯಲು ಧಾರಾಳ ಎನಿಸುತ್ತದೆ. ಆದರೆ ಬಿಸಿಲೇ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಹೀರುತ್ತದೆ, ಹೂಳು ತುಂಬಿದ ತೆಳು ಕೆರೆಯಲ್ಲಿ ಯುಗಾದಿಗೆ ಏನೂ ಉಳಿಯದು. ಹಾಗಾಗಿ ಹೂಳೆತ್ತುವ ದೃಶ್ಯ ಬೇಕೇ ಬೇಕು. ಖಳನಾಯಕನಾಗಿ ನಾನು ಬಂದೂಕು ಹಿಡಿದವನನ್ನು ತರಲಿಲ್ಲ. ಕೆರೆಯ ಹೆಚ್ಚಿನ ನೀರು ಹೊರಹೋಗುವ ಕೋಡಿಗೆ ಅಡ್ಡ ಬೆಳೆದ ಬಳ್ಳಾರಿ ಜಾಲಿಯನ್ನು ತಂದೆ. ಕೆಟ್ಟ ಹವಾಮಾನದಲ್ಲಿ ತಿಂಗಳ ಮಳೆ ಒಂದೇ ರಾತ್ರಿ ಸುರಿಯುತ್ತದೆ. ಕೋಡಿ ಕಟ್ಟಿಕೊಂಡಿದ್ದರೆ ನೀರು ಏರಿಯ ಮೇಲೆ ಹತ್ತಿ ಮಣ್ಣು ಕೊರೆದು ಕಟ್ಟೆ ಒಡೆಯುತ್ತದೆ. ಮಳೆಗೆ ಮೊದಲು ಜಾಲಿ ಕಡಿದು ಮುಗಿಸುತ್ತಾರೋ ಇಲ್ಲವೋ, ನಡುವಿನ ಮೂವತ್ತು ಪುಟ ಅದೇ.

ಪ್ರೀತಿಗೆ ಏತವನ್ನು, ಅಂದರೆ ಬಾವಿಯಿಂದ ನೀರೆತ್ತುವ ತೊಲೆಯನ್ನು ಆರಿಸಿದೆ. ಮೇಲೆ ಆ ತೊಲೆಯ ಮೇಲೆ ಹಿಂದೆ ಮುಂದೆ ನಡೆಯುವವರೊಬ್ಬರು, ಕೆಳಗೆ ಬಾನಿ ಹಿಡಿದು ಸುರಿಯುವವರೊಬ್ಬರು. ಕೆಳಗಿನವರು ಎಳೆಯುವುದು ಒಂದು ಕ್ಷಣ ತಪ್ಪಿದರೆ ಮೇಲಿನವರ ಕಾಲು ಜಾರುತ್ತದೆ. ಏತ ನಡೆಯಬೇಕಾದರೆ ನೀರು ಹದಿನೈದಡಿ ಒಳಗೆ ಇರಬೇಕು, ಅದಕ್ಕಿಂತ ಆಳಕ್ಕೆ ಎತ್ತು ಕಟ್ಟಿದ ಕಪಿಲೆ. ಅಂದರೆ ಕೆರೆಯ ನೀರು ಹಂಚುವ ನೀರಗಂಟಿಯ ಮಗಳೂ ಹೊರ ಊರಿಂದ ಬಂದವನೂ ಕರೆಂಟು ಹೋದ ಹದಿನಾಲ್ಕನೇ ವರ್ಷದೊಳಗೆ ಭೇಟಿಯಾಗಿ ಪ್ರಯೋಜನವಿಲ್ಲ! ಮಾತನ್ನು ಆದಷ್ಟು ಕೆಲಸದ್ದೇ ಇಟ್ಟೆ. "ಕೋಡಿಗೆ ಇನ್ನೆಷ್ಟಿದೆ?" "ಒಂದು ಮೊಳ." "ಹಂಗಾದ್ರೆ ಮೇಲ್ಗದ್ದೆಗೂ ಬಿಡ್ತೀಯಾ?" ಮೊದಲ ಕರಡಿನಲ್ಲಿ ಇಬ್ಬರೂ ಭೂಮಿತಾಯಿಯ ಬಗ್ಗೆ ಭಾಷಣ ಮಾಡುತ್ತಿದ್ದರು, ಓದಲಾಗಲಿಲ್ಲ.

ಊಟಕ್ಕೆ ಹಳೇ ಹಗೇವಿನ, ಅಂದರೆ ನೆಲದೊಳಗೆ ಕಾಳು ಕೂಡಿಡುವ ಗುಂಡಿಯ ರಾಗಿ. ಇಲ್ಲಿ ಒಂದು ಎಚ್ಚರ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರಲಿಲ್ಲವೆಂದರಷ್ಟೇ ಮನುಷ್ಯ ಇಳಿಯುವುದು. ಪಾತ್ರವನ್ನು ಸುಮ್ಮನೆ ಧುಮುಕಿಸಿದರೆ ಹಳ್ಳಿಯ ಓದುಗ ಪುಸ್ತಕ ಮುಚ್ಚುತ್ತಾನೆ. ಇಪ್ಪತ್ತು ವರ್ಷದ ಆ ರಾಗಿ ಮುದ್ದೆಗೆ ಆದೀತು, ಬಿತ್ತನೆಗೆ ನಂಬುವಂತಿಲ್ಲ. ಬಿತ್ತನೆಯದು ಹೋದ ಸುಗ್ಗಿಯದೇ ಆಗಬೇಕು. ಅದನ್ನೂ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ನಾಲ್ಕೈದು ದಿನಕ್ಕೆ ಬಿಚ್ಚಿ ನೋಡಬೇಕು.

ಕೊನೆಯ ದೃಶ್ಯ ಆ ಬಟ್ಟೆ ಬಿಚ್ಚುವುದು. ಮೊಳೆತದ್ದು ಅರವತ್ತು. ನಾಟಿಗೆ ಎಕರೆಗೆ ಎರಡು ಕಿಲೋ ಬೀಜ ಸಾಕಿತ್ತು, ಈಗ ಮೂರು ಕಿಲೋ ಮುನ್ನೂರು ಗ್ರಾಂ ಬೇಕು. ಹೆಚ್ಚಿನ ಒಂದು ಕಿಲೋ ಮುನ್ನೂರು ಗ್ರಾಂ ಊರಲ್ಲಿ ಯಾರ ಬಳಿಯೂ ಇಲ್ಲ. ಬೆಳಿಗ್ಗೆ ಅವಳ ಬಾಗಿಲಲ್ಲಿ ಒಂದು ಗಂಟು ಇರುತ್ತದೆ. ಅವಳು ತೂಗುವುದಿಲ್ಲ, ಮುದ್ದೆಗೆ ನೂರು ಗ್ರಾಂ ಎಂದು ಬೆರಳಲ್ಲಿ ಎಣಿಸುತ್ತಾಳೆ: ಅವನು ತಿನ್ನದೆ ಬಿಟ್ಟ ಹದಿಮೂರು ಮುದ್ದೆ.